ನಳಿಗೆಯ ಒಳಮೈ: ಬೀದರ ಕೋಟೆಯ ತೋಪು ಮತ್ತು ಗಾಳಿಕೋವಿ

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಕೋವಿಯನ್ನು ಲೇತ್ ಇರುವ ಸಣ್ಣ ವರ್ಕ್‌ಶಾಪಿನಲ್ಲೇ ಮಾಡಬಹುದೆಂಬ ಆಲೋಚನೆ ಇಂದು ಸಹಜವೆನಿಸಿದರೂ, ಲೋಹದ ಕೊಳವೆಯ ಒಳಮೈಯನ್ನು ಉದ್ದಕ್ಕೂ ಒಂದೇ ಅಳತೆಗೆ ಕೊರೆಯುವ ವಿದ್ಯೆ ಕೈಗೂಡುವವರೆಗೆ ಅಂಥ ಆಲೋಚನೆಗೆ ಆಸ್ಪದವೇ ಇರಲಿಲ್ಲ. ಕೋವಿಯ ಚರಿತ್ರೆ ಬಹುಪಾಲು ನಳಿಗೆಯ, ಅಂದರೆ ಗುಂಡು ಸಾಗುವ ಕೊಳವೆಯ ಚರಿತ್ರೆ. ಅದರ ಹಳೆಯ ಘಟ್ಟವೊಂದು ಬೀದರ ಕೋಟೆಯ ಬುರುಜುಗಳ ಮೇಲೆ ಇಂದಿಗೂ ಕಣ್ಣಿಗೆ ಕಾಣುವಂತೆ ಉಳಿದಿದೆ.

ಬಹಮನಿ ಅರಸರ ರಾಜಧಾನಿಯಾಗಿ ಬೆಳೆದು ಬರೀದಶಾಹಿಗಳ ಕೈಸೇರಿದ ಈ ಕೋಟೆಯ ದೊಡ್ಡ ಕಬ್ಬಿಣದ ತೋಪುಗಳು ಎರಕದವಲ್ಲ, ಕಮ್ಮಾರಿಕೆಯ ಬೆಸುಗೆಯಿಂದ ಕಟ್ಟಿದವು. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಕೊಳವೆಯ ಆಕಾರಕ್ಕೆ ತಂದು, ಬಂಡಿಯ ಗಾಲಿಗೆ ಹಳಿ ತೊಡಿಸುವಂತೆ ಕೆಂಪಗೆ ಕಾಯಿಸಿದ ಬಳೆಗಳನ್ನು ಅವುಗಳ ಮೇಲೆ ಸಾಲಾಗಿ ಏರಿಸಿ ಬಡಿಯುತ್ತಿದ್ದರು. ತಣ್ಣಗಾಗುತ್ತ ಕುಗ್ಗುವ ಬಳೆಗಳು ಒಳಗಿನ ಪಟ್ಟಿಗಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿದ್ದವು. ತೋಪಿನ ಹೊರಮೈಯನ್ನು ಹತ್ತಿರದಿಂದ ನೋಡಿದರೆ ಬಳೆಯ ಅಂಚಿಗೆ ಅಂಚು ಕೂಡಿದ ಗೆರೆಗಳು ಕಾಣುತ್ತವೆ. ಸಿಡಿಮದ್ದಿನ ಒತ್ತಡವನ್ನು ತಾಳಿಕೊಳ್ಳುವ ಗಟ್ಟಿತನ ಈ ಕಟ್ಟಣೆಗಿತ್ತು, ಆದರೆ ಒಳಮೈ ಕೊರೆದ ಕೊಳವೆಯಷ್ಟು ನುಣುಪಾಗಿರುವುದು ಸಾಧ್ಯವಿರಲಿಲ್ಲ. ಗುಂಡಿಗೂ ನಳಿಗೆಗೂ ನಡುವೆ ಸಂದು ಉಳಿದು ಮದ್ದಿನ ಹೊಗೆಯ ಒಂದು ಪಾಲು ಅಲ್ಲಿಂದ ಸೋರಿಹೋದರೂ, ಉಳಿದ ಪಾಲೇ ಕೆಲಸಕ್ಕೆ ಸಾಕಾಗುತ್ತಿತ್ತು.

ಮದ್ದಿನ ಈ ಬಲವೇ ಬೀದರಿನ ಸೋಲಿಗೂ ಕಾರಣವಾಯಿತು. 1657ರಲ್ಲಿ ಔರಂಗಜೇಬನು ಮುತ್ತಿಗೆ ಹಾಕಿದಾಗ, ಆ ಹೊತ್ತಿಗೆ ಕೋಟೆಯ ಒಡೆಯರಾಗಿದ್ದ ವಿಜಯಪುರದ ಆದಿಲಶಾಹಿಗಳ ಪರವಾಗಿ ಅದನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನನ ಮದ್ದಿನ ದಾಸ್ತಾನಿನ ಮೇಲೆ ಮೊಗಲರ ಅಗ್ನಿಬಾಣವೊಂದು ಬಿದ್ದು ಸಿಡಿಯಿತು. ಸುಟ್ಟ ಗಾಯಗಳಿಂದ ಅವನು ಸತ್ತನು, ಕೋಟೆಯೊಂದಿಗೆ 230 ತೋಪುಗಳು ಮೊಗಲರ ವಶವಾದವು.

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಕಂಚಿನಂಥ ಮಿಶ್ರಲೋಹದಿಂದ ಎರಕ ಹೊಯ್ದದ್ದು ನಳಿಗೆ ಮಾಡುವ ಮತ್ತೊಂದು ದಾರಿ. ನಿಜವಾದ ತಿರುವು ಬಂದದ್ದು 18ನೆಯ ಶತಮಾನದ ಯುರೋಪಿನಲ್ಲಿ, ತೋಪನ್ನು ಗಟ್ಟಿ ದಿಂಡಾಗಿ ಎರಕ ಹೊಯ್ದು ಆಮೇಲೆ ಯಂತ್ರದಿಂದ ಕೊರೆಯತೊಡಗಿದಾಗ. ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ 1774ರಲ್ಲಿ ತೋಪು ಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಅವನು ಕೊರೆದುಕೊಟ್ಟ ಸಿಲಿಂಡರುಗಳಿಂದಲೇ ಜೇಮ್ಸ್ ವ್ಯಾಟನ ಉಗಿಯಂತ್ರ, ಹಬೆ ಸೋರದೆ ನಡೆಯುವಂತಾಯಿತು. ಬೀದರು ಆಗ ನಿಜಾಮರ ಸೀಮೆಯಲ್ಲಿತ್ತು. ಅವರ ರಾಜಧಾನಿ ಹೈದರಾಬಾದಿನಲ್ಲಿ ಫ್ರೆಂಚ್ ಸೇನಾನಿ ರೇಮಂಡ್ 1795ರಲ್ಲಿ ತೋಪಿನ ಕಾರ್ಖಾನೆ ತೆರೆದನು, ಗನ್‌ಫೌಂಡ್ರಿ ಎಂಬ ಬಡಾವಣೆಯ ಹೆಸರು ಅದರದೇ. ಬೀದರಿನ ಲೋಹದ ಕೈಚಳಕವಾದರೋ ಬಿದರಿ ಕಲೆಯಲ್ಲಿ ನೆಲೆ ಕಂಡಿತ್ತು: ಸತುವಿಗೆ ಅಲ್ಪ ತಾಮ್ರ ಬೆರೆಸಿದ ಎರಕದ ಪಾತ್ರೆಯನ್ನು ಅರದಿಂದ ಉಜ್ಜಿ, ಕೆತ್ತಿದ ಗೆರೆಗಳಿಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪೇರಿಸುವ ಈ ವಿದ್ಯೆ ಹೊರಮೈಯ ವಿದ್ಯೆ, ಮತ್ತು ಅದರಲ್ಲಿ ಬೀದರಿಗೆ ಸಾಟಿಯಾದ ಊರಿಲ್ಲ.

ಗಾಳಿಕೋವಿ ಕೇಳುವುದು ಒಳಮೈಯ ವಿದ್ಯೆಯನ್ನು. ಮದ್ದಿನ ಒತ್ತಡದ ಮುಂದೆ ಅದುಮಿದ ಗಾಳಿಯ ಒತ್ತಡ ಬಹಳ ಕಡಿಮೆಯಾದ್ದರಿಂದ ಕೂದಲೆಳೆಯಷ್ಟು ಸಂದಿನಲ್ಲಿ ಸೋರಿದರೂ ಗುಂಡಿನ ವೇಗ ಕುಸಿಯುತ್ತದೆ. ಆಸ್ಟ್ರಿಯಾದ ಸೇನೆ 1780ರ ಸುಮಾರಿಗೆ ಬಳಕೆಗೆ ತಂದ ಜಿರಾಂಡೋನಿ ಗಾಳಿಕೋವಿಯ ಹಿಂಬದಿಯ ಬುರುಡೆಯನ್ನು ತುಂಬಲು ಪಂಪನ್ನು ಸಾವಿರಕ್ಕೂ ಮಿಕ್ಕಿ ಸಲ ಒತ್ತಬೇಕಿತ್ತು. ಸೋರದ ಬುರುಡೆ ಮಾಡಬಲ್ಲ ಕುಶಲಿಗಳು ವಿರಳವಾಗಿದ್ದುದರಿಂದ ಅದು ಹೆಚ್ಚು ಕಾಲ ಬಾಳಲಿಲ್ಲ. ಒಂದು ಶತಮಾನದ ಮೇಲೆ ಅಮೆರಿಕದ ಮಿಶಿಗನ್ನಿನಲ್ಲಿ ಗಾಳಿಯಂತ್ರ ಮಾರುತ್ತಿದ್ದ ಕಂಪನಿಯೊಂದು ಗಿರಾಕಿಗಳಿಗೆ ಕೊಡುಗೆಯಾಗಿ ಕೊಟ್ಟ ಪುಟ್ಟ ಗಾಳಿಕೋವಿ ಎಷ್ಟು ಜನಪ್ರಿಯವಾಯಿತೆಂದರೆ, ಆ ಕಂಪನಿ ಕೋವಿಯದೇ ಹೆಸರು ಪಡೆದು 1895ರಲ್ಲಿ ಡೇಜಿ ಎಂದಾಯಿತು. ಸುಮಾರು 4.5 ಮಿಲಿಮೀಟರಿನ ಚರೆ, ಅಂದರೆ ಸಣ್ಣ ಲೋಹದ ಗುಂಡು, ಹಾರಿಸುವ ಈ ಬಗೆಯ ಕೋವಿಗಳೇ ನಮ್ಮ ಜಾತ್ರೆಗಳ ಬಲೂನು ಒಡೆಯುವ ಅಂಗಡಿಗಳನ್ನೂ ಮುಟ್ಟಿದವು.

ಗಾಳಿಕೋವಿಯನ್ನು ಆಟಿಕೆಯೆಂದು ಹಗುರವಾಗಿ ಕಾಣುವುದು ತಪ್ಪು. 1959ರ ಶಸ್ತ್ರ ಕಾಯಿದೆಯ ವ್ಯಾಖ್ಯೆ ಸಿಡಿಮದ್ದಿನ ಜೊತೆಗೆ ಬೇರೆ ಬಗೆಯ ಶಕ್ತಿಯಿಂದ ಗುಂಡು ಹಾರಿಸುವ ಆಯುಧವನ್ನೂ ಒಳಗೊಳ್ಳುತ್ತದೆ, ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದನ್ನು ಅದೇ ಕಾಯಿದೆ ನಿಷೇಧಿಸುತ್ತದೆ; ನೋಟಕ್ಕೆ ಚಿಕ್ಕದಾದ ಚರೆ ಕಣ್ಣು ಕಳೆಯಬಲ್ಲುದು. ಲೇತ್ ಬಲ್ಲ ಕೈಗೆ ಬೀದರಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ಕಾದಿದೆ. ಮೈಲೂರ ರಸ್ತೆಯ ಗುರು ನಾನಕ ದೇವ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗಳ ವಿದ್ಯಾರ್ಥಿಗಳು ಪುರಾತತ್ವ ಇಲಾಖೆಯ ಅನುಮತಿ ಪಡೆದು ಕೋಟೆಯ ಒಂದೊಂದು ತೋಪಿನ ಬಳೆಗಳನ್ನು ಎಣಿಸಬೇಕು, ನಳಿಗೆಯ ಒಳಮೈಯನ್ನು ಅಳೆದು ನಕ್ಷೆ ಬರೆಯಬೇಕು. ಬಯಲಲ್ಲಿ ಮಳೆ ಬಿಸಿಲಿಗೆ ಬಿದ್ದ ಕಬ್ಬಿಣ ತುಕ್ಕು ಹಿಡಿಯುವ ಮೊದಲೇ ಆ ಅಳತೆಗಳು ಕನ್ನಡದಲ್ಲಿ ದಾಖಲಾಗಬೇಕು.