ನಿರ್ದೇಶಾಂಕದಾಚೆಯ ಗಣಿತ: ಸಿ. ವಿ. ವಿಶ್ವೇಶ್ವರ ಮತ್ತು ಕಪ್ಪುಕುಳಿಯ ಅಂಚು

ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಅಗಸೂರಿನ ದೂರವನ್ನು ಯಾವ ತುದಿಯಿಂದ ಎಣಿಸಿದೆವು ಎಂಬುದರ ಮೇಲೆ ಮೈಲಿಗಲ್ಲಿನ ಅಂಕೆ ಬದಲಾಗುತ್ತದೆ. ಊರು ಮಾತ್ರ ಇದ್ದಲ್ಲೇ ಇರುತ್ತದೆ. ಸಾಮಾನ್ಯ ಸಾಪೇಕ್ಷತೆಯಲ್ಲಿ ದೇಶಕಾಲದ ಬಿಂದುಗಳಿಗೆ ನಾವು ಕೊಡುವ ನಿರ್ದೇಶಾಂಕಗಳು ಇಂಥ ಅಂಕೆಗಳು, ವಕ್ರತೆಯೇ ಊರು. ಈ ಭೇದ ಸ್ಪಷ್ಟವಾಗದೆ ಭೌತವಿಜ್ಞಾನ ದಶಕಗಳ ಕಾಲ ತೊಡಕಿನಲ್ಲಿತ್ತು. ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳಿಗೆ 1916ರಲ್ಲಿ ಕಾರ್ಲ್ ಶ್ವಾರ್ಜ್‌ಶೀಲ್ಡ್ ಕೊಟ್ಟ ಪರಿಹಾರದಲ್ಲಿ, ಸೂರ್ಯನಷ್ಟು ದ್ರವ್ಯರಾಶಿಗೆ ಸುಮಾರು 3 ಕಿ.ಮೀ. ತ್ರಿಜ್ಯದ ಬಳಿ, ಒಂದು ಪದ ಅನಂತವಾಗಿಬಿಡುತ್ತದೆ. ಅಲ್ಲಿ ದೇಶಕಾಲವೇ ಹರಿಯುತ್ತದೆಯೋ, ಅಂಕೆಯಷ್ಟೇ ಕೈಕೊಡುತ್ತದೆಯೋ? ವಕ್ರತೆ ಅಲ್ಲಿ ಮಿತವಾಗಿಯೇ ಇದೆ. 1960ರಲ್ಲಿ ಮಾರ್ಟಿನ್ ಕ್ರುಸ್ಕಲ್ ಪ್ರಕಟಿಸಿದ ನಿರ್ದೇಶಾಂಕಗಳಲ್ಲಿ ಆ ಅನಂತ ಕಾಣಿಸುವುದೇ ಇಲ್ಲ. ಆ ತ್ರಿಜ್ಯವೇ ತಿರುಗದ ಕಪ್ಪುಕುಳಿಯ ಅಂಚು.

ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ, ಕನ್ನಡ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ ಅವರ ಹೆಸರು ಬಂದೊಡನೆ ಕಪ್ಪುಕುಳಿಯ 'ಮೊಳಗು' ನೆನಪಾಗುತ್ತದೆ. ಆ ಮೊಳಗಿನ ಬೇರು ಅಂಕೆಗೂ ಊರಿಗೂ ಇರುವ ಈ ಭೇದದ ವಿವೇಚನೆಯಲ್ಲಿದೆ ಎಂಬುದು ಈ ಬರಹದ ವಾದ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದ ಅವರು, 1968ರ ಲೇಖನದಲ್ಲಿ ಕಪ್ಪುಕುಳಿಯ ಅಂಚನ್ನು ನಿರ್ದೇಶಾಂಕಗಳ ಹಂಗಿಲ್ಲದೆ, ಕಾಲದ ಸಮಮಿತಿಯನ್ನು ಸೂಚಿಸುವ ಕಿಲ್ಲಿಂಗ್ ಸದಿಶದಿಂದ ವಿವರಿಸಿದರು. ಆ ಸದಿಶದ ಉದ್ದ ಸೊನ್ನೆಯಾಗುವ ಮೇಲ್ಮೈ, ತಿರುಗದ ಕಪ್ಪುಕುಳಿಯಲ್ಲಿ, ಒಳಹೊಕ್ಕದ್ದು ಮರಳಿ ಬಾರದ ಗಡಿಯೂ ಹೌದು. ತಿರುಗುವ ಕಪ್ಪುಕುಳಿಯಲ್ಲಿ ಇವೆರಡೂ ಬೇರೆಬೇರೆ.

ಕಪ್ಪುಕುಳಿಯ ಕದಲಿಕೆಗಳ ಸಮೀಕರಣವನ್ನು 1957ರಲ್ಲೇ ಟುಲಿಯೊ ರೆಜೆ ಮತ್ತು ಜಾನ್ ವೀಲರ್ ಬರೆದಿದ್ದರಲ್ಲ, ವಿಶ್ವೇಶ್ವರ ಅವರ ಕೆಲಸದಲ್ಲಿ ಹೊಸತೇನು ಎಂದು ಕೇಳಬಹುದು. ಸಮೀಕರಣವಿತ್ತು, ನಿಜ, ಅಂಚಿನಲ್ಲಿ ಯಾವ ಪರಿಹಾರವನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದು ಇತ್ಯರ್ಥವಾಗಿರಲಿಲ್ಲ. ಹಳೆಯ ನಿರ್ದೇಶಾಂಕ ಕೈಕೊಡುವುದೂ ಸರಿಯಾಗಿ ಅಲ್ಲೇ. ವಿಶ್ವೇಶ್ವರ 1970ರಲ್ಲಿ ಕ್ರುಸ್ಕಲ್ ನಿರ್ದೇಶಾಂಕಗಳಲ್ಲಿ ಪರೀಕ್ಷಿಸಿ, ಕಾಲದೊಂದಿಗೆ ಬೆಳೆಯುತ್ತ ಹೋಗುವ ಕದಲಿಕೆ ದೂರದಲ್ಲಿ ಹದ್ದಿನಲ್ಲಿದ್ದರೆ ಅಂಚಿನಲ್ಲಿ ಅನಂತವಾಗುತ್ತದೆ, ಆದ್ದರಿಂದ ಅದು ಸಲ್ಲದು ಎಂದು ತೋರಿಸಿದರು. ಕಪ್ಪುಕುಳಿ ಸ್ಥಿರ ಎಂದಾಯಿತು. ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಮುಂದಿನ ಹೆಜ್ಜೆ ಪ್ರಕಟವಾಯಿತು: ಗುರುತ್ವ ಅಲೆಯ ತುಣುಕೊಂದನ್ನು ಲೆಕ್ಕದಲ್ಲೇ ಕಪ್ಪುಕುಳಿಯ ಮೇಲೆ ಬಿಟ್ಟರು. ತುಣುಕು ಅಗಲವಾಗಿದ್ದಾಗ ಕಪ್ಪುಕುಳಿಯ ಸುಳಿವು ಸಿಗಲಿಲ್ಲ. ಅಗಲವನ್ನು ಕಪ್ಪುಕುಳಿಯ ಗಾತ್ರದ ಮಟ್ಟಕ್ಕೆ ಇಳಿಸಿದಾಗ, ಚದುರಿ ಬಂದ ಅಲೆಯ ಬಾಲದಲ್ಲಿ ಕಂಪನವೊಂದು ಬೇಗಬೇಗನೆ ಕುಗ್ಗುತ್ತ ಅಡಗಿತು. ಇದೇ ಆ ಮೊಳಗು.

2015ರ ಸೆಪ್ಟೆಂಬರ್ 14ರಂದು ಗುರುತ್ವ ಅಲೆಗಳ ವೀಕ್ಷಣಾಲಯ ಲೈಗೊ ಹಿಡಿದ ಅಲೆಯನ್ನು ಅವರು ಮೊದಲೇ ನುಡಿದಿದ್ದರು ಎನ್ನುವುದು ಅತಿಶಯವಾದೀತು. ಅವರ ಲೆಕ್ಕ ತಿರುಗದ ಕಪ್ಪುಕುಳಿಯದು. ಲೈಗೊ ಹಿಡಿದ ಘಟನೆಯಲ್ಲಿ ಎರಡು ಕಪ್ಪುಕುಳಿಗಳು ಸೇರಿ ಉಳಿದದ್ದು ಸುಮಾರು 62 ಸೂರ್ಯರಷ್ಟು ತೂಕದ, ತಿರುಗುವ ಒಂದು. ಅದರ ಕಡೆಯ ಕಂಪನ ಸೆಕೆಂಡಿಗೆ ಸುಮಾರು 250 ಆವರ್ತಗಳಷ್ಟಿದ್ದು, ಕುಗ್ಗುವಿಕೆ ಸುಮಾರು 4 ಮಿಲಿಸೆಕೆಂಡುಗಳ ಮಾನದ್ದು. ಆದರೂ ವಾದ ಸಡಿಲಾಗುವುದಿಲ್ಲ. ಈ ಎರಡು ಅಂಕೆಗಳನ್ನು ನಿರ್ಧರಿಸುವುದು ಕಪ್ಪುಕುಳಿಯ ದ್ರವ್ಯರಾಶಿ ಮತ್ತು ತಿರುಗುವಿಕೆ. ಅದನ್ನು ಕದಲಿಸಿದ್ದು ಯಾವುದು ಎಂಬುದಲ್ಲ, ನಾವು ಆಯ್ದ ನಿರ್ದೇಶಾಂಕವಂತೂ ಅಲ್ಲ. ಮೈಲಿಗಲ್ಲುಗಳನ್ನೆಲ್ಲ ಕಿತ್ತರೂ ಉಳಿಯುವ ಊರು ಅದು.