ಪಹಣಿ ಕಿಟಕಿಯ ಕಾಲು ಶತಮಾನ

ಬೆಳೆ ಸಾಲಕ್ಕೆ ಬಂದ ರೈತನನ್ನು ಬ್ಯಾಂಕಿನವರು ಮೊದಲು ಕೇಳುವುದು ಪಹಣಿ. ಜಾಮೀನು ಕೊಡಲು ನ್ಯಾಯಾಲಯ ಕೇಳುವುದೂ ಅದನ್ನೇ. ಅಣ್ಣತಮ್ಮಂದಿರು ಪಾಲಾಗುವಾಗ ನಡುಮನೆಯಲ್ಲಿ ಹರಡಿಕೊಳ್ಳುವುದೂ ಅದನ್ನೇ. 2000ಕ್ಕಿಂತ ಮುಂಚೆ ಈ ಒಂದು ಹಾಳೆ ಗ್ರಾಮ ಲೆಕ್ಕಿಗರ ವಹಿಯಲ್ಲಿತ್ತು, ವಹಿ ಅವರ ಚೀಲದಲ್ಲಿತ್ತು. ರಾಜ್ಯದಲ್ಲಿ ಆಗ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು, ಒಬ್ಬೊಬ್ಬರಿಗೆ ಮೂರ್ನಾಲ್ಕು ಹಳ್ಳಿಗಳ ಹೊಣೆ. ಅವರು ಸಿಕ್ಕ ದಿನ ಪಹಣಿ ಸಿಗುತ್ತಿತ್ತು, ಸಿಗದ ದಿನ ಇಲ್ಲ. ವಿಶ್ವ ಬ್ಯಾಂಕಿನ ಪ್ರಕರಣ ಅಧ್ಯಯನವೊಂದು ಆ ಕಾಲದ ಕಾಯುವಿಕೆಯನ್ನು 3ರಿಂದ 30 ದಿನ ಎಂದು ದಾಖಲಿಸಿದೆ. ಕೈ ಬಿಸಿ ಮಾಡಲು ಬೇಕಾಗುತ್ತಿದ್ದ ಹಣ 100 ರೂಪಾಯಿಯಿಂದ 2,000ದವರೆಗೆ.

ಕರ್ನಾಟಕದ ಸರ್ಕಾರಿ ಕಚೇರಿಗಳಿಗೆ ಕಂಪ್ಯೂಟರ್ ಬಂದು ಏನನ್ನು ಬದಲಿಸಿತು, ಏನನ್ನು ಬದಲಿಸಲಿಲ್ಲ ಎಂದು ನೋಡುವುದಕ್ಕೆ ಈ ಪಹಣಿಗಿಂತ ಒಳ್ಳೆಯ ಜಾಗ ಬೇರೆ ಸಿಗಲಾರದು. ಇಪ್ಪತ್ತೈದು ವರ್ಷಗಳ ಈ ಕಥೆಯಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಸಂಗತಿ. ಯಂತ್ರದ ಜೊತೆಗೆ ಕಚೇರಿಯ ನಿಯಮವೂ ಬದಲಾದ ಕಡೆ ಜನರ ಅಲೆದಾಟ ತಪ್ಪಿದೆ. ನಿಯಮ ಇದ್ದಲ್ಲೇ ಉಳಿದ ಕಡೆ ಅಲೆದಾಟ ಮುಂದಿನ ಮೇಜಿಗೆ ವರ್ಗವಾಗಿದೆ.

ವಂಶಪಾರಂಪರ್ಯವಾಗಿ ಬಂದಿದ್ದ ಶಾನುಭೋಗಿಕೆ 1963ರಲ್ಲಿ ಕೊನೆಗೊಂಡಿತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಆಗ ಜಾರಿಗೆ ಬಂತು, ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮನೆತನದ ಹಿಡಿತ ಹೋಯಿತು, ವಹಿಯ ಹಿಡಿತ ಹೋಗಲಿಲ್ಲ. ಯಾವ ಸರ್ವೆ ನಂಬರಿನಲ್ಲಿ ಯಾರ ಹೆಸರಿದೆ, ಯಾವುದು ಸರ್ಕಾರಿ ಖರಾಬು ಎಂಬುದು ಒಬ್ಬರ ಕೈಬರಹದಲ್ಲೇ ಉಳಿಯಿತು. ಮೇಲಿನವರು ತಪಾಸಣೆ ಮಾಡಬೇಕೆಂದು ನಿಯಮವಿದ್ದರೂ ಲಕ್ಷಗಟ್ಟಲೆ ನಮೂದುಗಳನ್ನು ಕಣ್ಣಲ್ಲಿ ನೋಡಿ ಮುಗಿಸುವುದು ಯಾವ ತಹಶೀಲ್ದಾರರಿಗೂ ಆಗುವ ಕೆಲಸವಾಗಿರಲಿಲ್ಲ.

ಕಂಪ್ಯೂಟರ್ ತರುವ ಮೊದಲ ಯತ್ನ ಸೋತದ್ದು ಇಲ್ಲೇ. ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ ಎಂಬತ್ತರ ದಶಕದ ಕೊನೆಯಿಂದಲೇ ಹಣ ಕೊಡುತ್ತಿತ್ತು. 1996ರ ಹೊತ್ತಿಗೆ ಯೋಜನೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಆದರೆ ಪಹಣಿ ತಿದ್ದುಪಡಿಯಾಗುವುದು ತಾಲ್ಲೂಕಿನಲ್ಲಿ, ಅಲ್ಲಿ ಕಂಪ್ಯೂಟರ್ ಇಡಲು ಯೋಜನೆಯಲ್ಲಿ ಜಾಗವೇ ಇರಲಿಲ್ಲ. ಹಳ್ಳಿಯಲ್ಲಿ ಕೈಬರಹದ ವಹಿ ದಿನದಿನಕ್ಕೆ ಬದಲಾಗುತ್ತ ಹೋಯಿತು, ಒಮ್ಮೆ ಕಂಪ್ಯೂಟರಿಗೆ ಹಾಕಿದ ಮಾಹಿತಿ ಅಲ್ಲೇ ಹಳಸಿತು. ಎರಡು ದಾಖಲೆ ಇದ್ದಾಗ ಜನ ನಂಬುವುದು ಸಹಿ ಬೀಳುವ ದಾಖಲೆಯನ್ನು.

‘ಭೂಮಿ’ ಯೋಜನೆ ಈ ಗಂಟನ್ನು ಬಿಚ್ಚಿತು. ಹಿರಿಯ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶ. 177 ತಾಲ್ಲೂಕುಗಳಲ್ಲಿ ಹರಡಿದ್ದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಖಾಸಗಿ ಸಂಸ್ಥೆಗಳ ಹುಡುಗರು ಬೆರಳಚ್ಚಿಸಿದರು, ಗ್ರಾಮ ಲೆಕ್ಕಿಗರೇ ಕೂತು ಮೂಲ ವಹಿಯೊಂದಿಗೆ ತಾಳೆ ನೋಡಿದರು. ತಾಳೆ ಮುಗಿದ ತಾಲ್ಲೂಕಿನಲ್ಲಿ ಸರ್ಕಾರ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಿತು. ಯೋಜನೆಯ ಜೀವಾಳ ಈ ಆದೇಶದಲ್ಲಿತ್ತು. ಕಂಪ್ಯೂಟರ್ ಎಷ್ಟೇ ಚೆನ್ನಾಗಿದ್ದರೂ ಪಕ್ಕದಲ್ಲಿ ಹಳೆಯ ವಹಿ ಜೀವಂತವಾಗಿದ್ದಿದ್ದರೆ 1996ರ ಕಥೆಯೇ ಮರುಕಳಿಸುತ್ತಿತ್ತು.

ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ರೈತ ಸರ್ವೆ ನಂಬರು, ಹಿಸ್ಸಾ ಹೇಳಿ 15 ರೂಪಾಯಿ ಕೊಟ್ಟರೆ ಪಹಣಿ ಮುದ್ರಣವಾಗಿ ಕೈಗೆ ಬರುತ್ತಿತ್ತು. ಕಿಟಕಿಯಲ್ಲಿ ರೈತನ ಕಡೆಗೂ ಒಂದು ಪರದೆ ಮುಖ ಮಾಡಿತ್ತು. 9ನೇ ಕಾಲಂನಲ್ಲಿ ತನ್ನ ಹೆಸರಿದೆಯೇ, 11ನೇ ಕಾಲಂನಲ್ಲಿ ತೀರಿಸಿದ ಸಾಲದ ಋಣ ಇನ್ನೂ ಕೂತಿದೆಯೇ, 12ರಲ್ಲಿ ಯಾವ ಬೆಳೆ ಬರೆದಿದ್ದಾರೆ ಎಂದು ಹಣ ಕೊಡುವ ಮೊದಲೇ ನೋಡಬಹುದಿತ್ತು. ಓದು ಬಾರದವರೂ ಜೊತೆಗೆ ಬಂದ ಮಗಳಿಂದಲೋ ಮೊಮ್ಮಗನಿಂದಲೋ ಓದಿಸಿಕೊಳ್ಳಬಹುದಿತ್ತು. ತಲೆಮಾರುಗಳಿಂದ ಅಧಿಕಾರಿಯ ಕಡೆಗಷ್ಟೇ ತೆರೆದುಕೊಂಡಿದ್ದ ಹಾಳೆ ಹೀಗೆ ಹಿಡುವಳಿದಾರನ ಕಡೆಗೂ ತಿರುಗಿತು.

ಕಿಟಕಿಯ ಹಿಂದೆ ಆದ ಬದಲಾವಣೆ ಇನ್ನೂ ದೊಡ್ಡದು. ಖಾತೆ ಬದಲಾವಣೆಯ ಅರ್ಜಿಗಳಿಗೆ ಸರತಿ ಬಂತು. ಮೊದಲು ಬಂದದ್ದನ್ನು ಬಿಟ್ಟು ಆಮೇಲೆ ಬಂದದ್ದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡುತ್ತಿರಲಿಲ್ಲ. ತಂತ್ರಾಂಶದೊಳಗೆ ಹೋಗಲು ಸಿಬ್ಬಂದಿ ಬೆರಳಿನ ಗುರುತು ಒತ್ತಬೇಕಿತ್ತು. ಹಾಗಾಗಿ ಯಾರು, ಯಾವ ಗಳಿಗೆಯಲ್ಲಿ, ಯಾವ ನಮೂದನ್ನು ಬದಲಿಸಿದರು ಎಂಬುದು ದಾಖಲಾಗುತ್ತಿತ್ತು. ಯಾವ ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಕೊಳೆಯುತ್ತಿವೆ ಎಂದು ಜಿಲ್ಲಾಧಿಕಾರಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಬಳಕೆದಾರರನ್ನು ವಿಚಾರಿಸಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟಿದ್ದೆವು ಎಂದವರು ನೂರಕ್ಕೆ 66 ಮಂದಿ, ಭೂಮಿ ಕೇಂದ್ರದಲ್ಲಿ ಕೊಟ್ಟೆವು ಎಂದವರು 3.

ಈ ಅಂಕಿ ಕಿಟಕಿಯ ಅಂಕಿ. ಪಹಣಿಯ ಪ್ರತಿ ಪಡೆಯುವುದು ಸಲೀಸಾಯಿತು. ಪಹಣಿಯಲ್ಲಿರುವ ಹೆಸರು ಬದಲಾಗುವುದಕ್ಕೆ ಮಾತ್ರ ನೋಟಿಸು ಹೊರಡಬೇಕಿತ್ತು, ತಕರಾರಿಗೆ 30 ದಿನ ಬಿಡಬೇಕಿತ್ತು, ಕಂದಾಯ ನಿರೀಕ್ಷಕರು ಒಪ್ಪಬೇಕಿತ್ತು. ಕಾಯುವಿಕೆ ಅಲ್ಲಿಗೆ ಸರಿಯಿತು. ಅದರಾಚೆ ಇನ್ನೂ ಗಟ್ಟಿಯಾದ ತೊಡಕೊಂದಿತ್ತು, ಪೋಡಿ, ಅಂದರೆ ಜಮೀನನ್ನು ಅಳೆದು ಹಿಸ್ಸೆ ಬೇರ್ಪಡಿಸುವುದು. ಒಂದೇ ಸರ್ವೆ ನಂಬರಿನಲ್ಲಿ ಹತ್ತು ಜನರ ಹೆಸರು, ಒಬ್ಬೊಬ್ಬರ ಮುಂದೆ ಎಕರೆ ಗುಂಟೆ. ಯಾರ ಗುಂಟೆ ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂಬುದಕ್ಕೆ ನಕ್ಷೆ ಇಲ್ಲ. ತಂತ್ರಾಂಶ ಎಷ್ಟು ಚುರುಕಾಗಿದ್ದರೂ ಅಳತೆಯಾಗದ ಹೊಲದ ಗಡಿಯನ್ನು ಅದು ತೋರಿಸಲಾರದು. ಸರಪಳಿ ಹಿಡಿದು ಹೊಲಕ್ಕಿಳಿಯುವ ಭೂಮಾಪಕರೇ ಬೇಕು. ಸರ್ವೆ ಇಲಾಖೆ ‘ಮೋಜಿಣಿ’ ತಂತ್ರಾಂಶ ತಂದದ್ದು, ಖಾಸಗಿ ಭೂಮಾಪಕರಿಗೆ ಪರವಾನಗಿ ಕೊಟ್ಟದ್ದು, ಸರ್ವೆ ನಂಬರಿನ ಒಂದು ಭಾಗ ಮಾರುವ ಮೊದಲು 11ಇ ನಕ್ಷೆ ಕಡ್ಡಾಯ ಮಾಡಿದ್ದು, ಎಲ್ಲವೂ ಈ ಕೊರತೆಯ ಹಿಂದೆ ಬಿದ್ದು ಮಾಡಿದ ಕೆಲಸಗಳೇ.

ಭೂಮಿಗೆ ದೇಶದಾಚೆಯೂ ಮೆಚ್ಚುಗೆ ಬಂತು, ಕಟುವಾದ ಟೀಕೆಯೂ ಬಂತು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ತಮ್ಮ ಅಧ್ಯಯನದಲ್ಲಿ ಬೆಂಗಳೂರಿನ ಸುತ್ತಲಿನ ಜಮೀನನ್ನು ಮುಂದಿಟ್ಟರು. ಹಳ್ಳಿಯ ಮಟ್ಟದಲ್ಲಿದ್ದ ಮಾಹಿತಿ ಒಂದೆಡೆ ಕೂಡಿದ್ದರಿಂದ ದೊಡ್ಡ ಕೈಗಳಿಗೆ ಜಮೀನು ಹುಡುಕುವುದು, ಕೊಳ್ಳುವುದು ಸುಲಭವಾಯಿತು, ಸಣ್ಣವರ ಚೌಕಾಸಿಯ ಶಕ್ತಿ ಕುಂದಿತು ಎಂಬುದು ಅವರ ವಾದ. ನಗರದ ಅಂಚಿನ ಹಳ್ಳಿಗಳಿಗೆ ಈ ಮಾತು ಎಷ್ಟು ಹೊಂದುತ್ತದೋ ಬೀದರ್, ರಾಯಚೂರಿನ ಒಣಭೂಮಿಗೆ ಅಷ್ಟೇ ಹೊಂದುತ್ತದೆ ಎನ್ನುವುದು ಕಷ್ಟ. ಆದರೂ ದಾಖಲೆ ಎಲ್ಲರಿಗೂ ತೆರೆದಾಗ ಲಾಭ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ ಎಂಬ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ.

ಅದೇ ಹೊತ್ತಿಗೆ ಬೇರೆ ಇಲಾಖೆಗಳೂ ಹೊರಟಿದ್ದವು. ‘ಖಜಾನೆ’ ಯೋಜನೆ ಜಿಲ್ಲೆ, ತಾಲ್ಲೂಕುಗಳ ಖಜಾನೆಗಳನ್ನು ಉಪಗ್ರಹ ಸಂಪರ್ಕದಿಂದ ಜೋಡಿಸಿತು. ‘ಕಾವೇರಿ’ ಉಪನೋಂದಣಿ ಕಚೇರಿಗಳನ್ನು ಗಣಕೀಕರಿಸಿತು. ಕ್ರಯಪತ್ರ ನೋಂದಣಿಯಾದ ಸುದ್ದಿ ಕಾಗದದ ಜೆ ಸ್ಲಿಪ್ಪಾಗಿ ತಾಲ್ಲೂಕು ಕಚೇರಿಗೆ ತೆವಳುವುದು ಮುಂದೆ ತಪ್ಪಿತು, ಖಾತೆ ಬದಲಾವಣೆ ನೋಂದಣಿಯಿಂದಲೇ ಶುರುವಾಗುವಂತಾಯಿತು. 2005ರ ಏಪ್ರಿಲ್‌ನಲ್ಲಿ ಬಂದ ಬೆಂಗಳೂರು ಒನ್, ಕರೆಂಟು ಬಿಲ್ಲಿಗೊಂದು ಸಾಲು, ನೀರಿನ ಬಿಲ್ಲಿಗೊಂದು ಸಾಲು ಎಂಬ ಪಾಡನ್ನು ಒಂದೇ ಕೌಂಟರಿಗೆ ಇಳಿಸಿತು. ಹೋಬಳಿಗಳಲ್ಲಿ ಖಾಸಗಿ ಸಹಭಾಗಿತ್ವದ ‘ನೆಮ್ಮದಿ’ ಕೇಂದ್ರಗಳು ಕೆಲವು ವರ್ಷ ನಡೆದವು. ಜಾತಿ, ಆದಾಯ ಪ್ರಮಾಣಪತ್ರಗಳ ಕೆಲಸ ಆಮೇಲೆ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರಗಳಿಗೆ, ಅಂದರೆ ಸರ್ಕಾರದ ಕೈಗೇ ಮರಳಿತು.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ. ಅರ್ಜಿ ಕೊಟ್ಟ ಮೇಲೆ ಎಷ್ಟು ದಿನ? ‘ನಾಳೆ ಬನ್ನಿ’ ಎನ್ನುವುದಕ್ಕೆ ಕಾನೂನಿನಲ್ಲಿ ತಡೆ ಇರಲಿಲ್ಲ.

ಆ ತಡೆ ಹಾಕಿದ್ದು ಸಕಾಲ. ಸೇವಾ ಖಾತರಿಗೆಂದೇ ಕಾಯ್ದೆ ಮಾಡಿದ ಮೊದಲ ರಾಜ್ಯ ಮಧ್ಯಪ್ರದೇಶ, 2010ರಲ್ಲಿ. ಕರ್ನಾಟಕದ ಕಾಯ್ದೆ 2011ರದು. ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿದ್ದಾಗ, 2012ರ ಮಾರ್ಚ್‌ನಲ್ಲಿ ಔರಾದ್, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲ್ಲೂಕುಗಳಲ್ಲಿ ಪ್ರಯೋಗ ನಡೆದು, ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯವ್ಯಾಪಿಯಾಯಿತು. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಒಂದು ಸಂಖ್ಯೆ. ಅದನ್ನು ಹಿಡಿದು ಮೊಬೈಲಿನಲ್ಲೇ ಅರ್ಜಿಯ ಸ್ಥಿತಿ ನೋಡಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ. ಅದು ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ಕತ್ತರಿಯಾಗಬೇಕು.

ಇಪ್ಪತ್ತು ರೂಪಾಯಿ ದೊಡ್ಡ ಮೊತ್ತವಲ್ಲ. ಅದನ್ನು ಕೇಳಿ ಪಡೆಯಲು ಮೇಲ್ಮನವಿ ಸಲ್ಲಿಸಬೇಕು, ಸ್ಥಳೀಯ ಅಧಿಕಾರಿಯನ್ನು ಎದುರು ಹಾಕಿಕೊಳ್ಳಬೇಕು. ಅಷ್ಟಕ್ಕೆ ಮುಂದಾಗುವವರು ಕಡಿಮೆ. ಸಕಾಲದ ನಿಜವಾದ ಬಿಗಿ ಬೇರೆ ಕಡೆ ಇತ್ತು. ಯಾವ ಜಿಲ್ಲೆ ಎಷ್ಟನೇ ಸ್ಥಾನದಲ್ಲಿದೆ ಎಂಬ ಪಟ್ಟಿ ಹೊರಬೀಳತೊಡಗಿತು. ಪಟ್ಟಿಯ ತಳದಲ್ಲಿ ಇರಲು ಯಾವ ಅಧಿಕಾರಿಯೂ ಬಯಸುವುದಿಲ್ಲ. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಕೂತಿದೆ ಎಂಬುದು ಸಭೆಯಲ್ಲಿ ಕೇಳುವ ಮೊದಲ ಪ್ರಶ್ನೆಯಾಯಿತು. ಆಡಳಿತ ನಡೆಸುವ ರೀತಿಯನ್ನೇ ಇದು ಬದಲಿಸಿತು, ಒಳಿತು ಕೆಡಕು ಎರಡೂ ದಿಕ್ಕಿನಲ್ಲಿ. ಅಳೆಯುವುದು ದಿನಗಳನ್ನು ಎಂದು ಗೊತ್ತಾದ ಮೇಲೆ ದಿನಗಳನ್ನು ಉಳಿಸುವ ಅಡ್ಡದಾರಿಗಳೂ ತೆರೆದುಕೊಂಡವು. ಗಡುವಿನ ಹಿಂದಿನ ದಿನ ಯಾವುದೋ ದಾಖಲೆ ಇಲ್ಲವೆಂದು ಅರ್ಜಿ ತಿರಸ್ಕರಿಸಿದರೆ ಲೆಕ್ಕದಲ್ಲಿ ಅದು ಸಕಾಲದಲ್ಲೇ ವಿಲೇವಾರಿಯಾದಂತೆ. ಅರ್ಜಿಯನ್ನು ಸಂಖ್ಯೆ ಕೊಡದೆ ಕೈಯಲ್ಲಿ ಇಟ್ಟುಕೊಂಡರೆ ಗಡಿಯಾರ ಓಡಲು ಶುರುವಾಗುವುದೇ ಇಲ್ಲ. ವಿಲೇವಾರಿಯ ಜೊತೆಗೆ ತಿರಸ್ಕಾರದ ಪ್ರಮಾಣವನ್ನೂ, ಅದರ ಕಾರಣಗಳನ್ನೂ ಅಷ್ಟೇ ಬಿಗಿಯಾಗಿ ನೋಡದಿದ್ದರೆ ಈ ಪಟ್ಟಿಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ.

ಕೈಬರಹದ ಅರ್ಜಿ ಆನ್‌ಲೈನ್ ಅರ್ಜಿಯಾದ ‘ಸೇವಾ ಸಿಂಧು’ವಿನ ಕಾಲಕ್ಕೆ ಬಂದರೆ ನಡುವೆ ನಿಲ್ಲುವ ಮನುಷ್ಯ ಮತ್ತೆ ಕಾಣಿಸಿಕೊಳ್ಳುತ್ತಾನೆ. ಮನೆಯಲ್ಲೇ ಕೂತು ಅರ್ಜಿ ತುಂಬಬಹುದು ಎಂಬುದು ಓದುಬರಹ, ಒಳ್ಳೆಯ ಮೊಬೈಲು, ಸಿಗ್ನಲ್ಲು ಮೂರೂ ಇರುವವರ ಮಾತು. ಉಳಿದವರು ಸೈಬರ್ ಸೆಂಟರಿಗೆ ಹೋಗಿ ಆಧಾರ್, ಒಟಿಪಿ ಎಲ್ಲವನ್ನೂ ಅಲ್ಲಿನ ಹುಡುಗನ ಕೈಗೆ ಕೊಡುತ್ತಿದ್ದರು. 2022ರಲ್ಲಿ ಶುರುವಾದ ಗ್ರಾಮ ಒನ್ ಕೇಂದ್ರಗಳು ಈ ನಡುವಿನ ಜಾಗಕ್ಕೆ ಒಂದು ಬೋರ್ಡು, ಒಂದು ದರಪಟ್ಟಿ, ಒಂದು ಹೊಣೆ ಕೊಟ್ಟವು. ಗೃಹಲಕ್ಷ್ಮಿ ಯೋಜನೆಯ ನೋಂದಣಿ 2023ರ ಜುಲೈಯಲ್ಲಿ ಆರಂಭವಾದಾಗ ಹಳ್ಳಿಗಳ ಹೆಣ್ಣುಮಕ್ಕಳು ಸಾಲು ನಿಂತದ್ದು ಇಂಥ ಕೇಂದ್ರಗಳ ಮುಂದೆಯೇ. ‘ಸಾಹೇಬರು ಇಲ್ಲ’ ಎನ್ನುತ್ತಿದ್ದ ಜಾಗದಲ್ಲಿ ಜನ ಈಗ ಕೇಳುವುದು ‘ಸರ್ವರ್ ಇಲ್ಲ’. ಸಾಹೇಬರಾದರೆ ದೂರು ಕೊಡಲು ಒಂದು ಹೆಸರಾದರೂ ಇತ್ತು. ಸರ್ವರ್ ಕೈಕೊಟ್ಟ ದಿನಗಳನ್ನು ಯಾರ ಲೆಕ್ಕಕ್ಕೆ ಹಾಕಬೇಕೆಂದು ನಿಯಮ ಸ್ಪಷ್ಟವಾಗಿ ಹೇಳಬೇಕು, ಅದು ಅರ್ಜಿದಾರರ ನ್ಯಾಯವಾದ ಬೇಡಿಕೆ.

ಈ ಅವಲಂಬನೆ ಎಷ್ಟು ಆಳಕ್ಕಿಳಿದಿದೆ ಎಂಬುದು 2025ರ ಜನವರಿಯಲ್ಲಿ ಕಂಡಿತು. ಕಾವೇರಿ 2.0 ಬಂದು ಎರಡು ವರ್ಷವಾಗುತ್ತಿತ್ತು. ವಿವರಗಳನ್ನು ಆನ್‌ಲೈನಿನಲ್ಲಿ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಹೆಬ್ಬೆಟ್ಟಿಗೂ ಫೋಟೊಗೂ ಮಾತ್ರ ಉಪನೋಂದಣಿ ಕಚೇರಿಗೆ ಹೋಗುವ ವ್ಯವಸ್ಥೆ ಜನರಿಗೆ ರೂಢಿಯಾಗಿತ್ತು. ಆಗ ನಕಲಿ ಖಾತೆಗಳಿಂದ ಪೋರ್ಟಲ್‌ಗೆ ಮುಗಿಬೀಳುವ ಸೈಬರ್ ದಾಳಿ ನಡೆಯಿತು. ರಾಜ್ಯದೆಲ್ಲೆಡೆ ನೋಂದಣಿ ಕುಸಿಯಿತು. ಹಿಂದೆ ಒಂದು ತಾಲ್ಲೂಕಿನಲ್ಲಿ ಲೆಕ್ಕಿಗರು ರಜೆ ಹಾಕಿದರೆ ನಾಲ್ಕು ಹಳ್ಳಿಗಳ ಕೆಲಸ ನಿಲ್ಲುತ್ತಿತ್ತು. ಎಲ್ಲವೂ ಒಂದೇ ಕಡೆ ಕೂಡಿದಾಗ ನಿಲ್ಲುವುದೂ ಎಲ್ಲವೂ ಒಟ್ಟಿಗೆ.

ಪಹಣಿ ಈಗ ಬರೀ ಪಹಣಿಯಾಗಿ ಉಳಿದಿಲ್ಲ. 2018ರ ಸಾಲಮನ್ನಾಕ್ಕೆ ಅರ್ಹರನ್ನು ಗುರುತಿಸಿದ್ದು ಪಹಣಿ, ಆಧಾರ್, ಪಡಿತರ ಚೀಟಿಗಳನ್ನು ತಂತ್ರಾಂಶದಲ್ಲಿ ತಾಳೆ ಹಾಕಿ. ರೈತರ ನೋಂದಣಿಯ ‘ಫ್ರೂಟ್ಸ್’, ಮೊಬೈಲಿನ ಬೆಳೆ ಸಮೀಕ್ಷೆ, ಬೆಳೆನಷ್ಟ ಪರಿಹಾರದ ‘ಪರಿಹಾರ’ ತಂತ್ರಾಂಶ, ಎಲ್ಲವೂ ಭೂದಾಖಲೆಯನ್ನೇ ಆಧರಿಸಿವೆ. ದಾಖಲೆ ಸರಿಯಿದ್ದವರಿಗೆ ಇದರಿಂದ ಆದ ಅನುಕೂಲ ಅಷ್ಟಿಷ್ಟಲ್ಲ, ಪರಿಹಾರದ ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ದಾಖಲೆ ತಪ್ಪಿದ್ದವರ ಕಷ್ಟವೂ ಅಷ್ಟೇ ಪಟ್ಟು ಬೆಳೆದಿದೆ. ಬೆರಳಚ್ಚಿಸುವಾಗ ತಪ್ಪಿದ ಒಂದು ಹೆಸರು ಮೊದಲು ಒಂದು ಹಾಳೆಯ ತಪ್ಪಾಗಿತ್ತು. ಈಗ ಅದು ಸಾಲ, ವಿಮೆ, ಪರಿಹಾರ, ಸಹಾಯಧನ ನಾಲ್ಕನ್ನೂ ತಡೆಯುತ್ತದೆ.

ಕಂದಾಯ ಇಲಾಖೆ 2024ರಿಂದ ಕೈಗೆತ್ತಿಕೊಂಡ ಕೆಲಸಗಳೆಲ್ಲ ಈ ಬುಡಕ್ಕೇ ಸಂಬಂಧಿಸಿದವು. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ತೀರಿಹೋದವರ ಹೆಸರಿನಲ್ಲೇ ಉಳಿದಿರುವ ಲಕ್ಷಾಂತರ ಪಹಣಿಗಳು ಎದುರಾದವು. ಅದರ ಬೆನ್ನಿಗೆ, ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆಯ ಆಂದೋಲನ ಬಂತು. ‘ಭೂಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಅಭಿಲೇಖಾಲಯಗಳ ಹಳೆಯ ಕಡತಗಳು ಒಂದೊಂದೇ ಹಾಳೆಯಾಗಿ ಸ್ಕ್ಯಾನ್ ಆಗುತ್ತಿವೆ. ಮಂಜೂರಾದ ಜಮೀನುಗಳ ದರಖಾಸ್ತು ಪೋಡಿಗೆ ಅಭಿಯಾನ ನಡೆದಿದೆ. ಸರಪಳಿಯ ಜಾಗಕ್ಕೆ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಉಪಕರಣ ಬರುತ್ತಿದೆ. ಅದನ್ನು ಹಿಡಿದು ಬದುವಿನ ಮೇಲೆ ನಡೆಯುವ ಭೂಮಾಪಕರ ನೇಮಕಕ್ಕೂ, ಅಕ್ಕಪಕ್ಕದ ಹಿಡುವಳಿದಾರರನ್ನು ಕರೆದು ಗಡಿ ಒಪ್ಪಿಸುವ ತಾಳ್ಮೆಯ ಕೆಲಸಕ್ಕೂ ಸರ್ಕಾರ ತಂತ್ರಾಂಶದಷ್ಟೇ ಹಣ, ಅಷ್ಟೇ ಗಮನ ಕೊಡಬೇಕಾದ ಹೊತ್ತು ಇದು. 2 ಕೋಟಿ ಪಹಣಿಗಳ ಬೆರಳಚ್ಚು ಕೆಲವೇ ವರ್ಷಗಳಲ್ಲಿ ಮುಗಿದಿತ್ತು, ಅವುಗಳಲ್ಲಿ ಬರೆದ ಎಕರೆ ಗುಂಟೆಗಳಿಗೆ ನೆಲದ ಮೇಲೆ ನಕ್ಷೆ ಕೊಡುವ ಕೆಲಸ ಇನ್ನೂ ನಡೆಯುತ್ತಿದೆ.