ಲ್ಯೂಟ್‌ನ ನಾಲ್ಕು ತಂತಿಗಳು

ದಾವೀದನು ಕಿನ್ನರಿ ನುಡಿಸಿ ಸೌಲ ಅರಸನ ಮನಸ್ಸಿಗೆ ನೆಮ್ಮದಿ ತಂದ ಕಥೆ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಅವನ ವಾದ್ಯ ಲೈರ್ ಜಾತಿಯದು. ಬೆರಳಿನಿಂದ ತಂತಿ ಒತ್ತಿ ಸ್ವರ ಬದಲಿಸಲು ಅದಕ್ಕೆ ದಂಡಿಯೇ ಇರಲಿಲ್ಲ. ದಂಡಿ ಇರುವುದು ಲ್ಯೂಟ್‌ಗೆ. 4,000 ವರ್ಷಗಳಿಗೂ ಹಿಂದೆಯೇ ಮೆಸೊಪೊಟೇಮಿಯದ ಮುದ್ರೆಗಳಲ್ಲಿ ಉದ್ದ ದಂಡಿಯ ಲ್ಯೂಟ್ ಕೆತ್ತಿದ್ದಾರೆ. ಅರಬರ ಗಿಡ್ಡ ದಂಡಿಯ ವಾದ್ಯದ ಹೆಸರು 'ಅಲ್-ಊದ್', ಅಂದರೆ ಮರ. ಯುರೋಪಿನವರ ಬಾಯಲ್ಲಿ ಅದೇ 'ಲ್ಯೂಟ್' ಆಯಿತು.

ಈ ವಾದ್ಯದಿಂದ ಮನಸ್ಸನ್ನು ಶಾಂತಗೊಳಿಸುವ ಲೆಕ್ಕವನ್ನು ಅರಬ್ ಪಂಡಿತರು ಶ್ರುತಿಯಿಂದಲೇ ಶುರುಮಾಡಿದರು. ಆಯುರ್ವೇದದ ಮೂರು ದೋಷಗಳಂತೆ ಗ್ರೀಕ್ ವೈದ್ಯದಲ್ಲಿ ನಾಲ್ಕು ರಸಗಳಿದ್ದವು: ಹಳದಿ ಪಿತ್ತ, ರಕ್ತ, ಕಫ, ಕಪ್ಪು ಪಿತ್ತ. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್-ಕಿಂದಿ ಊದ್‌ನ ನಾಲ್ಕು ತಂತಿಗಳನ್ನು ಈ ರಸಗಳಿಗೆ ಜೋಡಿಸಿದ. ಮುಂದಿನ ಶತಮಾನದಲ್ಲಿ ಬಸ್ರಾದ 'ಇಖ್ವಾನ್ ಅಲ್-ಸಫಾ' ಎಂಬ ಪಂಡಿತರ ಗುಂಪು ಇದನ್ನು ಬಿಡಿಸಿ ಬರೆಯಿತು. ಅತಿ ದಪ್ಪ ತಂತಿ 'ಬಮ್' ಕುದಿಯುವ ರಕ್ತವನ್ನು ತಣಿಸುತ್ತದೆ. ಅತಿ ತೆಳ್ಳಗಿನ 'ಜೀರ್' ಕಫವನ್ನು ಕರಗಿಸುತ್ತದೆ. ನೋವು ಹಗುರಾಗಲೆಂದು ಆಸ್ಪತ್ರೆಗಳಲ್ಲಿ ನಸುಕಿಗೆ ನುಡಿಸುವ ರಾಗವೊಂದರ ಮಾತೂ ಅವರ ಬರಹದಲ್ಲಿದೆ.

ಈ ವೈದ್ಯವನ್ನು ಇವತ್ತಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅವರ ಗಣಿತ. ನಾಲ್ಕು ತಂತಿಗಳಿಗೆ ಕ್ರಮವಾಗಿ 64, 48, 36, 27 ರೇಷ್ಮೆ ಎಳೆಗಳಿರಬೇಕು ಎನ್ನುತ್ತಾರೆ. ಭಾಗಿಸಿ ನೋಡಿ, ಪ್ರತಿ ಸಲವೂ 4:3. ಇದು ಸ-ದಿಂದ ಶುದ್ಧ ಮ-ಕ್ಕೆ ಇರುವ ಅಂತರ. ಆದರೆ ಭೌತಶಾಸ್ತ್ರ ಓದಿದವರು ಇಲ್ಲಿ ತಡೆಯುತ್ತಾರೆ: ಒಂದೇ ಉದ್ದ, ಒಂದೇ ಬಿಗಿತವಿದ್ದರೆ ಸ್ವರ ಏರುವುದು ತೂಕದ ವರ್ಗಮೂಲಕ್ಕೆ ತಕ್ಕಂತೆ ಮಾತ್ರ. ಎಳೆಗಳ ಲೆಕ್ಕದಿಂದ ಅರ್ಧ ದಾರಿಯಷ್ಟೇ ಸಾಗುತ್ತದೆ; ಉಳಿದದ್ದು ಬಿರಡೆ ತಿರುಗಿಸಿದವನ ಕಿವಿಯ ಕೆಲಸ. ಅವನು ಬಮ್ ತಂತಿಯ ಕಾಲುಭಾಗ ಬಿಟ್ಟು ಕಿರುಬೆರಳಿನಿಂದ ಒತ್ತುತ್ತಿದ್ದ, ಆ ಸ್ವರಕ್ಕೆ ಮುಂದಿನ ತಂತಿಯನ್ನು ಕೂಡಿಸುತ್ತಿದ್ದ. ನಮ್ಮ ಕಾಯರ್‌ನ ಗಿಟಾರಿನವರು ಐದನೇ ಫ್ರೆಟ್ ಒತ್ತಿ ಟ್ಯೂನ್ ಮಾಡುತ್ತಾರಲ್ಲ, ಅದೇ!

822ರಲ್ಲಿ ಸ್ಪೇನಿನ ಕೊರ್ಡೋಬಾಕ್ಕೆ ಬಂದ ಜಿರ್ಯಾಬ್ ಎಂಬ ಗಾಯಕ, ನಾಲ್ಕು ರಸಗಳಿದ್ದು ಆತ್ಮವಿಲ್ಲದಿದ್ದರೆ ಹೇಗೆಂದು ಐದನೇ ತಂತಿ ಕಟ್ಟಿದನೆಂದು ಅರಬ್ ಇತಿಹಾಸಕಾರರು ಬರೆದಿದ್ದಾರೆ. ಊದ್ ಯುರೋಪಿಗೆ ದಾಟಿದ್ದು ಸ್ಪೇನ್, ಸಿಸಿಲಿಗಳ ದಾರಿಯಲ್ಲಿ. ಸಿಸಿಲಿಯ ಪಲೆರ್ಮೊ ಅರಮನೆಯ ಪ್ರಾರ್ಥನಾಲಯದಲ್ಲಿ ತಲೆಯೆತ್ತಿದರೆ 12ನೇ ಶತಮಾನದ ಮರದ ಛಾವಣಿಯಲ್ಲಿ ಊದ್ ನುಡಿಸುವವರ ಚಿತ್ರಗಳಿವೆ. ಕ್ರೈಸ್ತ ರಾಜನ ಪ್ರಾರ್ಥನಾಲಯ, ಅರಬ್ ಶೈಲಿಯ ಚಿತ್ರಕಲೆ. ಮುಂದೆ ಮಾರ್ಟಿನ್ ಲೂಥರ್ ಕೂಡ ಲ್ಯೂಟ್ ನುಡಿಸುತ್ತಿದ್ದರು.

16ನೇ ಶತಮಾನದ ಹೊತ್ತಿಗೆ ಲ್ಯೂಟ್‌ಗೆ ಆರು ಸಾಲು ತಂತಿಗಳು ಸಾಮಾನ್ಯವಾದವು. ನಡುವೆ ಒಂದು ಕಿರಿದಾದ ಅಂತರ, ಉಳಿದೆಲ್ಲ ಅದೇ ಹಳೆಯ ಸ-ಮ. ಗಿಟಾರ್ ಇರುವವರು ಮೂರನೇ ತಂತಿ 'ಜಿ'ಯನ್ನು ಅರ್ಧ ಸ್ವರ ಇಳಿಸಿ 'ಎಫ್ ಶಾರ್ಪ್' ಮಾಡಿ. ಲ್ಯೂಟ್‌ನ ಅಂತರಗಳೇ ಸಿಗುತ್ತವೆ. ಒಂದೊಂದೇ ತಂತಿಯನ್ನು ನಿಧಾನವಾಗಿ ಮೀಟಿ ಕೇಳಿ.